ಮೂರನೇ ನುಡಿಯ ಕೆಂಪು ಮಚ್ಚೆ

ಹುಲಿಗೆಮ್ಮ ಹಾಡುತ್ತಿದ್ದಳು, ಯಂತ್ರ ಚಿತ್ರ ಬಿಡಿಸುತ್ತಿತ್ತು. ಸ್ಮೃತಿಚಿತ್ರಕ ಎಂಬ ಆ ಯಂತ್ರದ ಪಟ್ಟಿಯನ್ನು ಅವಳ ಹಣೆಗೆ ಕಟ್ಟಿದ್ದರು. ಹಾಡಿನೊಂದಿಗೆ ಮಿದುಳಿನಲ್ಲಿ ಏಳುವ ನೋಟ, ವಾಸನೆ, ರುಚಿಗಳ ನೆನಪನ್ನೆಲ್ಲ ಅದು ಬಣ್ಣವಾಗಿಸುತ್ತದೆ. ಯಾಂತ್ರಿಕ ಕುಂಚ ಅವಳ ಊರಿನ ಜೋಗಿಕಲ್ಲು ಗುಡ್ಡದ ಬೋಳು ನೆತ್ತಿಯನ್ನೂ ಜಾಲಿಗಿಡಗಳನ್ನೂ ಮೂಡಿಸಿತು.

ಆ ಗುಡ್ಡದ ಅರ್ಧವನ್ನು ಅದಿರು ಕಂಪನಿ ಆಗಲೇ ನುಂಗಿತ್ತು. ಇನ್ನರ್ಧ ಅಗೆಯಲು ಅನುಮತಿ ಕೊಡುವ ವಿಚಾರಣೆ ಮರುದಿನವಿತ್ತು. ಒರತೆಯಿರುವ ಗುಡ್ಡವನ್ನು ಮುಟ್ಟುವಂತಿಲ್ಲ ಎನ್ನುತ್ತದೆ ಕಾನೂನು. ಅಲ್ಲಿ ಒರತೆಯೇ ಇರಲಿಲ್ಲವೆಂದು ಕಂಪನಿಯ ಯಜಮಾನ ಚನ್ನನಗೌಡ ಬರೆದುಕೊಟ್ಟಿದ್ದ. ಅದೇ ಊರಲ್ಲಿ ಹುಟ್ಟಿ ಬೆಳೆದವನು! ಒರತೆಯ ಮೇಲೆ ಲಾರಿಗಟ್ಟಲೆ ಮಣ್ಣು ಸುರಿಸಿ, ಊರವರ ಬಾಯಿ ಮುಚ್ಚಿಸಲು ಈ ಯಂತ್ರದಿಂದ ಮನೆಗೊಂದು ಗುಡ್ಡದ ಚಿತ್ರ ಬಿಡಿಸಿ ಹಂಚಲು ಹೊರಟಿದ್ದ. ನಾಚಿಕೆಗೇಡಿ.

ಹಾಡಿನ ಮೂರನೇ ನುಡಿಗೆ ಕುಂಚ ಗುಡ್ಡದ ನಡುವೆ ಒಂದು ಕೆಂಪು ಮಚ್ಚೆ ಇಟ್ಟಿತು. ಯಂತ್ರ ರೂಪಿಸಿದ ಡಾ. ಪ್ರಮೀಳಾ ದೇಸಾಯಿ ಗುಂಡಿ ಒತ್ತಿದರು. ಕುಂಚ ಅದರ ಮೇಲೆ ಹಸಿರು ಬಳಿಯಿತು.

“ಯಾಕ್ ಒರಸಿದ್ರೀ?” ಹುಲಿಗೆಮ್ಮ ಪಟ್ಟಿ ಕಿತ್ತೆಸೆದಳು.

“ಅದು ಯಂತ್ರದ ದೋಷ ಅಮ್ಮ. ನಲವತ್ತು ಜನರ ಚಿತ್ರದಲ್ಲೂ ಹೀಗೇ ಬಂತು. ಎಲ್ಲ ಸರಿಮಾಡಿದ್ದೇನೆ.”

“ಏನ್ ಸರಿ ಮಾಡೀರಿ, ನಿಮ್ ತಲಿ! ನೀರಿಗೆ ಗುಡ್ಡ ಹತ್ತೋವಾಗ ಹಾಡೋ ಪದ ಇದು. ಮೂರನೇ ನುಡಿಗೆ ಒರತಿ ಸಿಗ್ತಿತ್ತು. ಕೊಡ ಇಳಿಸಿ ಬೊಗಸಿ ತುಂಬ ಕುಡೀತಿದ್ವಿ. ಕಬ್ಬಿಣ ನೆಕ್ಕಿದಂಗ ಆಗ್ತಿತ್ತು. ಆ ರುಚೀನ ನಿಮ್ ಮಿಷಿನ್ ಕೆಂಪು ಮಾಡೈತಿ!”

ಪ್ರಮೀಳಾ ಬೆಪ್ಪಾದರು. ನಾಲಿಗೆಯ ನೆನಪೂ ಬಣ್ಣವಾಗುತ್ತದೆಂದು ಪ್ರಬಂಧ ಬರೆದವರು ಅವರೇ. ಅದು ಕಣ್ಣೆದುರು ಬಂದಾಗ ಅಳಿಸಿದವರೂ ಅವರೇ. ಅವಸರದಿಂದ ಮೂಲಪ್ರತಿಗಳನ್ನು ಹುಡುಕಿ, ಪರದೆಯ ಮೇಲೆ ಒಂದರ ಮೇಲೊಂದು ಇಟ್ಟರು. ಎಲ್ಲ ಮಚ್ಚೆಗಳೂ ಒಂದೇ ಬಂಡೆಯ ಬುಡದಲ್ಲಿ ಕೂತವು.

“ಆದರೆ ಇವರೆಲ್ಲ ನಿಮ್ಮ ಕಡೆಯವರು. ಮಾತಾಡಿಕೊಂಡು ಬಂದಿದ್ದಾರೆ ಅಂತಾರೆ ನಾಳೆ ವಿಚಾರಣೆಯಲ್ಲಿ.”

ಹುಲಿಗೆಮ್ಮ ಗೋಡೆಯತ್ತ ಕೈ ಮಾಡಿದಳು. ಯಂತ್ರದ ಉದ್ಘಾಟನೆಯ ದಿನ ಮೊದಲು ಪಟ್ಟಿ ಕಟ್ಟಿಸಿಕೊಂಡು ಈ ಹಾಡು ಕೇಳಿದವನು ಚನ್ನನಗೌಡನೇ. ಅವನ ಹಸಿರು ಗುಡ್ಡ ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ನೇತಾಡುತ್ತಿತ್ತು.

“ಆ ಗೌಡಂದು ತೆಗೀರಿ. ಒರಸೋಕಿಂತ ಮುಂಚಿಂದು.”

ಪ್ರಮೀಳಾ ತೆಗೆದರು. ಅದೇ ಬಂಡೆ, ಅದೇ ಬುಡ. ಮಚ್ಚೆ ಮಾತ್ರ ಎಲ್ಲರದಕ್ಕಿಂತ ದೊಡ್ಡದು.

“ಸಣ್ಣಾಂವ ಇದ್ದಾಗ ದಿನಾ ಅಲ್ಲೇ ಬಿದ್ದಿರ್ತಿದ್ದ.” ಹುಲಿಗೆಮ್ಮ ಆ ಮಚ್ಚೆಯ ಮೇಲೆ ಬೆರಳಿಟ್ಟಳು. “ನಾಳೆ ಇದನ್ನ ತಗೊಂಡು ಬರ್ರಿ ಮೇಡಂ. ನಾವು ಹೇಳಿದ್ದು ಸುಳ್ಳು ಅಂದಾನಲ್ಲ, ತಾನು ಕುಡಿದದ್ದು ಹೆಂಗ ಸುಳ್ಳು ಅಂತಾನ, ನೋಡೇಬಿಡೋಣ.”