ಬೆರಳಗಲ ಕುಗ್ಗಿದ ಚೀಟಿ

ನುಡಿಗಟ್ಟು ಕೋಶದ ಸಂಪಾದಕರು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಮೂರನೆಯ ಮಹಡಿಯ ವರಾಂಡದಿಂದ ಕಲ್ಲುಹಾಸಿನ ಅಂಗಳಕ್ಕೆ ಬಿದ್ದರು. ಬಿದ್ದ ಮೇಲೂ ಕಾಲುಗಂಟೆ ಬದುಕಿದ್ದರು. ಸದ್ದು ಕೇಳಿ ಮೊದಲು ಓಡಿಬಂದವನು ಕೆಳಗಿನ ಕೋಣೆಯಲ್ಲಿ ಪುಸ್ತಕ ಕಟ್ಟುವ ಬೈಂಡರ್. ಅವನ ತೊಡೆಯ ಮೇಲೆ ತಲೆಯಿಟ್ಟಿದ್ದ ಆ ಕಾಲುಗಂಟೆಯೂ ಅವರ ಬಲಗೈ ಕಲ್ಲಿನ ಮೇಲೆ ಏನನ್ನೋ ಬರೆಯುತ್ತಲೇ ಇತ್ತು. ಶಾಯಿಯಿಲ್ಲದ ಬರಹ, ಓದಲು ಬೈಂಡರನಿಗೆ ಸಾಧ್ಯವಾಗಲಿಲ್ಲ.

ಮೇಲೆ, ಅವರ ಮೇಜಿನ ಮೇಲೆ, ಮಡಿಸಿದ ಕನ್ನಡಕದ ಕೆಳಗೆ ಒಂದು ಚೀಟಿಯಿತ್ತು. ಪೆನ್ಸಿಲಿನ ಮೂರು ಸಾಲು, ಅವರದೇ ಕೈಬರಹ:

ಇನ್ನು ನನ್ನ ಕೈಲಾಗದು.
ತೀರ್ಮಾನ ನನ್ನದೇ.
ಯಾರನ್ನೂ ದೂರಬೇಡಿ.

ಇನ್ಸ್‌ಪೆಕ್ಟರ್ ಅದನ್ನು ಓದಿ ಟೋಪಿ ತೆಗೆದರು. ಅವರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿದಿತ್ತು.

ಮುಗಿಯದೇ ಉಳಿದದ್ದು ಮಗಳಿಗೆ. ಅಂದು ಹನ್ನೆರಡು ಗಂಟೆಗೆ, ಒಂದು ಓರೆ ಅಕ್ಷರಕ್ಕಾಗಿ ಅವಳು ಬರೆದ ಕೋಶದ ನೂರು ಚೀಟಿಗಳನ್ನು ಅಪ್ಪ ಹರಿದುಹಾಕಿದ್ದರು. ಆಗ ಅವಳು ಕೂಗಿದ ಮಾತು ಮೂರು ಮಹಡಿಗೂ ಕೇಳಿಸಿತ್ತು. "ನಿಮ್ಮ ಜೊತೆ ನನ್ನ ಕೈಲಾಗಲ್ಲ ಅಪ್ಪ, ನಾನು ಟವೆಲ್ ಎಸೆದೆ! ನೀವು ಸತ್ತ ಮೇಲಾದ್ರೂ ಈ ಮನೆ ಉಸಿರಾಡಲಿ!" ಬಾಕ್ಸಿಂಗ್ ಕಣದಲ್ಲಿ ತಮ್ಮವನು ಇನ್ನು ತಾಳಲಾರನೆಂದು ಕಂಡಾಗ ಅವನ ಕಡೆಯವರು ಒಳಗೆ ಟವೆಲ್ ಎಸೆಯುತ್ತಾರೆ, ಸೋಲೊಪ್ಪುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತು ಅದು. ಇಂಗ್ಲಿಷ್ ನುಡಿಗಟ್ಟುಗಳ ಹುಟ್ಟನ್ನು ಕನ್ನಡದಲ್ಲಿ ಹೇಳುವ ಕೋಶವೊಂದು ಆ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಿದ್ಧವಾಗುತ್ತಿತ್ತು. ಅಲ್ಲಿ ಜಗಳವೂ ಕೋಶದ ಮಾತಿನಲ್ಲೇ ನಡೆಯುತ್ತಿತ್ತು.

ಗುರುವಾರ ಬೆಳಿಗ್ಗೆಯ ಹೊತ್ತಿಗೂ ಅವಳ ಗಂಟಲಲ್ಲಿ ನೀರಿಳಿದಿರಲಿಲ್ಲ. ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಿದ್ದರು.

"ಅಳಬೇಡ ಮಗಳೇ. ನಿನ್ನ ಮಾತು ಅಣ್ಣನಿಗೆ ನಾಟಿತು, ನಿಜ. ಆದ್ರೆ ನೀನು ಬೇಕೂಂತ ಆಡಿದ್ದಲ್ಲವಲ್ಲ. ದೂರಬೇಡಿ ಅಂತ ಅವನೇ ಬರೆದಿದ್ದಾನೆ. ಯಾರನ್ನ ನೆನೆಸಿಕೊಂಡು ಬರೆದ ಅನ್ನೋದು ನಮಗೆ ಗೊತ್ತಿಲ್ವಾ? ಕೋಶದ ಚಿಂತೆ ಬಿಡು, ನಾನು ಮುಗಿಸ್ತೀನಿ."

ಬೈಂಡರ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ. ಅಲ್ಲಿಂದ ನೇರ ಅಟ್ಟಕ್ಕೆ ಹತ್ತಿದ.

ಅಟ್ಟದ ಕೋಣೆಯಲ್ಲಿ ಕರಡಜ್ಜಿ ಇದ್ದಳು. ನಲವತ್ತು ವರ್ಷ ಅಚ್ಚಿನ ಕರಡು ತಿದ್ದಿ ಬೆನ್ನು ಬಾಗಿಸಿಕೊಂಡ ಮುದುಕಿ. ಮಂಚದಡಿಯಲ್ಲಿ ಹಳೆಯ ಕರಡುಗಳ ರಾಶಿ, ಕೈಯಲ್ಲಿ ಭೂತಗನ್ನಡಿ. ಪೊಲೀಸರು ಕೈಚೆಲ್ಲಿದ್ದ ಎರಡು ಪ್ರಕರಣಗಳನ್ನು ಅವಳು ಅದೇ ಮಂಚದ ಮೇಲೆ ಕುಳಿತು ಬಿಡಿಸಿದ್ದಳು. ಎರಡರಲ್ಲೂ ಅವಳ ಪರವಾಗಿ ಮೆಟ್ಟಿಲು ಹತ್ತಿಳಿದವನು ಬೈಂಡರ್.

"ಅಜ್ಜೀ, ಆ ಹುಡುಗಿ ಸಾಯ್ತಾಳೆ. ಅವಳನ್ನ ಸಾಯಿಸ್ತಿದ್ದಾರೆ, ಬೆನ್ನು ಸವರಿ."

"ಹೌದಾ? ಹಾಗಾದ್ರೆ ಮೊದಲು ಆ ಚೀಟಿ ತೋರಿಸು."

ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡೇ ಒಪ್ಪಿದರು. ಚೀಟಿಯನ್ನು ಬೆರಳಿಗೆ ತಾಗಿಸಿದೊಡನೆ ಬೈಂಡರನ ಹುಬ್ಬು ಗಂಟಿಕ್ಕಿತು.

"ಇದು ಗಿಡ್ಡ ಇದೆ ಅಜ್ಜಿ. ಈ ಮನೆಯ ಚೀಟಿಯೆಲ್ಲ ಕತ್ತರಿಸೋನು ನಾನೇ. ಮೇಲ್ಗಡೆ ಒಂದು ಬೆರಳಗಲ ಹೋಗಿದೆ. ನೋಡಿ, ಅಂಚಲ್ಲಿ ಸಣ್ಣ ಗೀರು. ನನ್ನ ಯಂತ್ರದ ಅಲಗು ಮುಕ್ಕಾಗಿದೆಯಲ್ಲ, ಅದರದ್ದು." ಹೇಳಿದವನೇ ಚೀಟಿಯನ್ನು ಕೆಳಗಿಟ್ಟ. "ನಾನಲ್ಲ ಅಜ್ಜಿ!"

"ನೀನಾಗಿದ್ರೆ ಇಷ್ಟು ಸೊಟ್ಟಗೆ ಕತ್ತರಿಸ್ತಿರಲಿಲ್ಲ. ಬುಧವಾರ ಊಟದ ಹೊತ್ತಿಗೆ ಎಲ್ಲಿದ್ದೆ?"

"ಹೊರಗೆ ಹೋಗಿದ್ದೆ. ಕೋಣೆ ತೆರೆದೇ ಇತ್ತು."

ಅಜ್ಜಿ ಭೂತಗನ್ನಡಿಯನ್ನು ಮೇಲಂಚಿಗೆ ಹಿಡಿದಳು. ಅಲ್ಲಿ, ಅಲಗಿನಿಂದ ತಪ್ಪಿಸಿಕೊಂಡ ಎರಡು ಒತ್ತಕ್ಷರಗಳ ಬಾಲ, ಸೊಳ್ಳೆಯ ಕಾಲಿನಷ್ಟು. ಎಡಮೂಲೆಯಲ್ಲಿ ಎರಡು ಸೂಜಿತೂತು. ಒಂದರಲ್ಲಿ ಕೆಂಪು ದಾರದ ಎಳೆ. ಅವಳು ಮಂಚದಿಂದೆದ್ದಳು. ಎರಡನೆಯ ಮಹಡಿಗಿಳಿದು ಚೀಟಿಗಳ ಖಾನೆಯೊಂದನ್ನು ಎಳೆದಳು, ಒಂದು ಚೀಟಿ ತೆಗೆದು ಓದಿದಳು. ಆಗ ಅವಳ ಮುಖ ಬಿಳಿಚಿಕೊಂಡದ್ದನ್ನು ಬೈಂಡರ್ ಕಂಡ. ಆ ಚೀಟಿ ಅವಳ ಕನ್ನಡಕದ ಗೂಡಿಗೆ ಸೇರಿತು.

"ನಿನ್ನ ಕೋಣೆಯ ಚೂರುಕಾಗದದ ಮೂಟೆ ಇನ್ನೂ ಇದೆಯಾ?"

"ಇದೆ. ಎರಡು ಮೂಟೆ."

"ಹುಡುಕು. ಚೀಟಿಯಷ್ಟೇ ಅಗಲದ ಪಟ್ಟಿ, ಪೆನ್ಸಿಲಿನ ಒಂದು ಸಾಲು."

"ಅಜ್ಜೀ, ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕು ಅಂತೀರಲ್ಲ!"

"ಅದರ ಮೂಲ ಆಮೇಲೆ ಹೇಳ್ತೀನಿ. ಮೊದಲು ಸೂಜಿ."

ಶುಕ್ರವಾರ ನಾಲ್ಕು ಗಂಟೆಗೆ ಅಜ್ಜಿ ಎಲ್ಲರನ್ನೂ ಚಹಾದ ಮೇಜಿನ ಸುತ್ತ ಕೂರಿಸಿದಳು. ಆ ಮೇಜೇ ಆ ಮನೆಯ ದಂಡನೆಯ ಕಟ್ಟೆ. ದಿನವೂ ನಾಲ್ಕಕ್ಕೆ ಸಂಪಾದಕರು ಅಲ್ಲಿ ಪರರ ತಪ್ಪುಗಳನ್ನು ಓದಿ ಹೇಳುತ್ತಿದ್ದರು. "ಹುಲ್ಲಿನ ಮಾಡಿಂದ ನಾಯಿ ಬೆಕ್ಕು ಜಾರಿ ಬೀಳ್ತಿದ್ದವಂತೆ, ಅದಕ್ಕೇ ಜೋರು ಮಳೆ ಬಂದ್ರೆ ಇಂಗ್ಲಿಷಿನವರು ನಾಯಿ ಬೆಕ್ಕು ಸುರೀತು ಅಂತಾರಂತೆ. ತಮ್ಮಾ, ಅದರಲ್ಲಿ ಒಂದಾದ್ರೂ ನಿನ್ನ ತಲೆ ಮೇಲೆ ಬಿದ್ದಿದ್ರೆ ಬುದ್ಧಿ ಬರ್ತಿತ್ತು. ಕತೆ ಬೇಡ, ಪುಟ ತೋರಿಸು." ಮೊನ್ನೆ ಸೋಮವಾರ, ಕೋಶದ ಕೆಲಸದ ಸಹಾಯಕನನ್ನು, ನಲವತ್ತು ದಾಟಿದವನನ್ನು, ಅಲ್ಲಿ ಅವನದೇ ಕುರ್ಚಿಯ ಮೇಲೆ ನಿಲ್ಲಿಸಿ ಅವನ ತಪ್ಪನ್ನು ಹತ್ತು ಸಲ ಓದಿಸಿದ್ದರು.

ಈಗ ಸಂಪಾದಕರ ಕುರ್ಚಿ ಖಾಲಿ. ಅದರ ಎಡಕ್ಕೆ ಮಗಳು, ಬಲಕ್ಕೆ ಚಿಕ್ಕಪ್ಪ, ಎದುರಿಗೆ ಸಹಾಯಕ. ಇನ್ಸ್‌ಪೆಕ್ಟರ್ ಬಾಗಿಲಿಗೊರಗಿ ನಿಂತಿದ್ದರು. ಬೈಂಡರ್ ಅಜ್ಜಿಯ ಕುರ್ಚಿಯ ಹಿಂದೆ.

"ಇನ್ಸ್‌ಪೆಕ್ಟರ್‌ಗೆ ಇಲ್ಲಿಯ ಪದ್ಧತಿ ಗೊತ್ತಿಲ್ಲ," ಅಜ್ಜಿ ಶುರುಮಾಡಿದಳು. "ನುಡಿಗಟ್ಟಿನ ಮೂಲ ಬರೆಯೋರು ಇಬ್ಬರು, ಸಹಾಯಕ ಮತ್ತು ಸಂಪಾದಕರ ತಮ್ಮ. ಆದರೆ ಅದರ ಬಳಕೆ ತೋರಿಸೋ ಉದಾಹರಣೆ ವಾಕ್ಯ ಇದೆಯಲ್ಲ, ಅದನ್ನ ಸಂಪಾದಕರು ಬಿಟ್ಟು ಬೇರೆಯವರು ಬರೆಯೋ ಹಾಗಿಲ್ಲ. ಮೊದಲು ಪೆನ್ಸಿಲಲ್ಲಿ. ಆ ನುಡಿಗಟ್ಟು ಸಿಗುವ ಅತಿ ಹಳೆಯ ಪುಟವನ್ನ ಕಣ್ಣಾರೆ ಕಂಡ ಮೇಲೆ ಶಾಯಿಯಲ್ಲಿ. ತಪ್ಪಿದ ಚೀಟಿಗಳನ್ನ ಮಗಳು ಕೆಂಪು ದಾರದಲ್ಲಿ ಹೊಲಿದು, ಮೂಲ ಬರೆದವರಿಗೇ ವಾಪಸ್ ಕೊಡ್ತಾಳೆ. ಈ ಸಾವಿನ ಚೀಟಿಯಲ್ಲಿ ಸೂಜಿತೂತು ಇದೆ, ಕೆಂಪು ಎಳೆ ಇದೆ. ತನ್ನ ಸಾವಿನ ಮಾತನ್ನ ಯಾರಾದ್ರೂ ಹೊಲಿಸಿ ವಾಪಸ್ ತರಿಸ್ಕೋತಾರಾ?"

"ರದ್ದಿ ಚೀಟಿ ಕೈಗೆ ಸಿಕ್ಕಿರಬಹುದು," ಎಂದರು ಚಿಕ್ಕಪ್ಪ.

"ಸಿಕ್ಕಿತು, ಬೇರೆಯವರ ಕೈಗೆ. ಕೊಡಪ್ಪ."

ಬೈಂಡರ್ ಜೇಬಿನಿಂದ ಒಂದು ಪಟ್ಟಿ ತೆಗೆದು ಚೀಟಿಯ ತಲೆಗೆ ಜೋಡಿಸಿದ. ಮುಕ್ಕಿಗೆ ಮುಕ್ಕು, ಬಾಲಕ್ಕೆ ಅಕ್ಷರ, ಎಲ್ಲ ಕೂಡಿಕೊಂಡಿತು. ಇನ್ಸ್‌ಪೆಕ್ಟರ್ ಬಗ್ಗಿ ಓದಿದರು:

"ಸೋತ ಬಾಕ್ಸರ್ ತನ್ನವರಿಗೆ ಹೇಳಿದ: ಟವೆಲ್ ಎಸೆಯಿರಿ. ಇನ್ನು ನನ್ನ ಕೈಲಾಗದು. ತೀರ್ಮಾನ ನನ್ನದೇ. ಯಾರನ್ನೂ ದೂರಬೇಡಿ."

ಮಗಳು ಮೇಜಿನಂಚನ್ನು ಬಿಗಿಯಾಗಿ ಹಿಡಿದಳು.

"ಉದಾಹರಣೆ ವಾಕ್ಯ," ಎಂದಳು ಅಜ್ಜಿ. "ಟವೆಲಿಗಿಂತ ಮೊದಲು ಕಣದಲ್ಲಿ ಸ್ಪಂಜು ಎಸೀತಿದ್ದರು, ಆ ಮಾತೇ ಹಳೇದು ಅಂತ ಸಂಪಾದಕರಿಗೆ ಪುಟ ಸಿಕ್ಕಿತು. ಮೂಲ ತಪ್ಪಾಯ್ತು, ಚೀಟಿ ಸೋಮವಾರ ವಾಪಸ್ ಹೋಯ್ತು. ಯಾರಿಗೆ? ಪೆನ್ಸಿಲ್ ಚೀಟಿಯಿಂದ ತೆಗೆದ ಮೊದಲ ಕರಡಚ್ಚು ನನ್ನ ಮಂಚದಡಿ ಇದೆ. ಸಹಾಯಕ ಬರೆದದ್ದಕ್ಕೆ ಎರಡು ಚುಕ್ಕಿ, ತಮ್ಮ ಬರೆದದ್ದಕ್ಕೆ ಒಂದು. ಟವೆಲಿಗೆ ಒಂದೇ ಚುಕ್ಕಿ."

"ನನ್ನ ಕಟ್ಟಿಂದ ಯಾರೋ ಕದ್ದಿದ್ದಾರೆ!"

"ಕೈಬರಹ ಹೋಲಿಸೋಕೆ ಪೊಲೀಸರು ನಿಮಗೆ ವಾಪಸಾದ ಚೀಟಿಗಳ ಪೆಟ್ಟಿಗೆ ಕೇಳಿದಾಗ ನೀವು ಬುಧವಾರ ಏನಂದ್ರಿ? ಇನ್ಸ್‌ಪೆಕ್ಟರ್, ಅವರ ಮಾತು ನೀವೇ ಬರ್ಕೊಂಡಿದ್ದೀರಿ."

ಇನ್ಸ್‌ಪೆಕ್ಟರ್ ಪುಸ್ತಕ ತಿರುವಿದರು. "'ಅದರಲ್ಲಿರೋದು ನನ್ನ ಅವಮಾನ. ಬೀಗದಕೈ ಸ್ನಾನ ಮಾಡುವಾಗಲೂ ಕೊರಳಲ್ಲೇ ಇರುತ್ತೆ.'"

ಚಿಕ್ಕಪ್ಪನ ಕೈ ತಾನಾಗಿ ಕೊರಳಿಗೆ ಹೋಯಿತು. ಸಹಾಯಕ ಮೊಟ್ಟಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದ.

"ಚೀಟಿ ಸೋಮವಾರದಿಂದ ನಿಮ್ಮಲ್ಲಿತ್ತು," ಅಜ್ಜಿ ಮುಂದುವರಿಸಿದಳು. "ಬುಧವಾರ ಮಗಳು ಕೂಗಿದ್ದನ್ನ ಮನೆಯೆಲ್ಲ ಕೇಳ್ತು. ಇದಕ್ಕಿಂತ ಒಳ್ಳೆ ದಿನ ಸಿಗಲ್ಲ ಅನ್ನಿಸ್ತು ನಿಮಗೆ. ಬೈಂಡರ್ ಊಟಕ್ಕೆ ಹೋದಾಗ ಮೊದಲ ಸಾಲು ಕತ್ತರಿಸಿದ್ರಿ. ಮೂರಕ್ಕೆ ಮೇಲೆ ಹೋಗಿ ನೂಕಿದ್ರಿ. ಆಮೇಲೆ ಎರಡು ದಿನ ಈ ಹುಡುಗಿಯ ಪಕ್ಕ ಕೂತು ಮಾತಲ್ಲೇ ದಿನಾ ಅಷ್ಟಷ್ಟು ವಿಷ ಕುಡಿಸಿದ್ರಿ. ಅವಳು ಕೈಬಿಟ್ಟರೆ ಕೋಶ ನಿಮ್ಮದು, ಮುನ್ನುಡಿಯೂ ನಿಮ್ಮದು."

ಮುನ್ನುಡಿ ಎಂದೊಡನೆ ಚಿಕ್ಕಪ್ಪ ಒಡೆದುಹೋದರು.

"ಓದಿದ್ದೀರಾ ಅದನ್ನ? ಕರಡಲ್ಲಿ ನನ್ನ ಹೆಸರು ಹಾಕಿ ಬರೆದಿದ್ದ! 'ಈ ಕೋಶಕ್ಕಾಗಿ ಮುನ್ನೂರು ಸುಳ್ಳು ಮೂಲಗಳನ್ನು ಹೆಣೆದವನು ನನ್ನ ತಮ್ಮ.' ಇಪ್ಪತ್ತೆರಡು ವರ್ಷ ದುಡಿದೆ ಅಜ್ಜಿ. ಸಾವಿರಾರು ಜನ ಓದೋ ಪುಸ್ತಕದಲ್ಲಿ ನನ್ನ ಹೆಸರು ಹಾಗೆ ಅಚ್ಚಾಗಬೇಕಿತ್ತಾ?"

"ಅಚ್ಚಾಗ್ತಿರಲಿಲ್ಲ," ಎಂದಳು ಅಜ್ಜಿ. "ಬುಧವಾರ ಬೆಳಿಗ್ಗೆ ತಿದ್ದಿ ನನಗೆ ಕಳಿಸಿದ ಕರಡು ಇದು. ಆ ಸಾಲು ಹೊಡೆದುಹಾಕಿದ್ದಾರೆ. ಶಾಯಿಯಲ್ಲಿ."

ಚಿಕ್ಕಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕ್ಷಣಕಾಲ ಅವರ ಮುಖದಲ್ಲಿ ಎಳೆಯ ತಮ್ಮನೊಬ್ಬ ಕಾಣಿಸಿಕೊಂಡ. ಅಣ್ಣ ಕೊನೆಗೂ ಕರಗಿದನೆಂದು ನಂಬಲು ಹೊರಟ ಮುಖ ಅದು. ಆಮೇಲೆ ಕಣ್ಣು ಅಂಚಿನ ಟಿಪ್ಪಣಿಗೆ ಹರಿಯಿತು. ಅಲ್ಲಿದ್ದುದು ಇಷ್ಟೇ: "ಹೆಸರು ಬೇಡ. ಅಷ್ಟು ಜಾಗಕ್ಕೂ ಅವನು ತಕ್ಕವನಲ್ಲ."

ಅವರು ನಗತೊಡಗಿದರು. ಇನ್ಸ್‌ಪೆಕ್ಟರ್ ತೋಳು ಹಿಡಿದು ಮೆಟ್ಟಿಲಿಳಿಸುವಾಗಲೂ ಆ ನಗು ನಿಂತಿರಲಿಲ್ಲ. ಸಹಾಯಕ ಎದ್ದು, ತನ್ನನ್ನು ನಿಲ್ಲಿಸಿದ್ದ ಕುರ್ಚಿಯನ್ನು ಮೇಜಿನೊಳಕ್ಕೆ ನೂಕಿ, ಯಾರಿಗೂ ಹೇಳದೆ ಹೊರಟುಹೋದ.

ಉಳಿದವರು ಮೂವರು. ಬೈಂಡರ್ ಒಂದು ಲೋಟ ನೀರನ್ನು ಮಗಳ ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಅಜ್ಜೀ, ಚಿಕ್ಕಪ್ಪ ನೂಕಿದ್ರು, ಸರಿ. ಆದ್ರೆ ನಾನು ಅಂದಿದ್ದು? ಅಪ್ಪನಿಗೆ ಅದು ನಾಟಿದ್ದು ನಿಜ ತಾನೆ? ಆ ನೋವಲ್ಲೇ ಹೋದ್ರು ತಾನೆ?"

ಅಜ್ಜಿಯ ಕೈ ಕನ್ನಡಕದ ಗೂಡಿನತ್ತ ಹೋಯಿತು. ಹೇಳಬೇಡಿ ಎಂದು ಬೈಂಡರ್ ಮನಸ್ಸಿನಲ್ಲೇ ಬೇಡಿಕೊಂಡ. ಏನನ್ನೆಂದು ಅವನಿಗೂ ತಿಳಿದಿರಲಿಲ್ಲ.

"ಮೇಜಿನ ಮೇಲಿದ್ದ ಚೀಟಿ ಸಾಯೋಕೆ ಹೊರಟವರು ಬರೆದದ್ದಲ್ಲ ಅಂತ ನನಗೆ ಗುರುವಾರವೇ ಖಾತ್ರಿಯಾಗಿದ್ದು ಇದರಿಂದ," ಎಂದು ಅಜ್ಜಿ ಕನ್ನಡಕದ ಗೂಡನ್ನು ತೆರೆದಳು. "ಟವೆಲಿಗೆ ಹೊಸ ಉದಾಹರಣೆ ಬೇಕಿತ್ತಲ್ಲ. ಬುಧವಾರದ ತಾರೀಖು ಇದೆ. ನೀನು ಕೂಗಿ ಹೋದ ಮೇಲೆ ಕೂತು ಬರೆದಿದ್ದಾರೆ."

ಪೆನ್ಸಿಲಿನಲ್ಲಿ, ದುಂಡಗೆ, ಒಂದು ಅಕ್ಷರವೂ ನಡುಗದೆ ಹೀಗಿತ್ತು: "ಮಗಳು ಕೂಗಿದಳು: ನಿಮ್ಮ ಜೊತೆ ನನ್ನ ಕೈಲಾಗಲ್ಲ ಅಪ್ಪ, ನಾನು ಟವೆಲ್ ಎಸೆದೆ." ಕೆಳಗೆ ಸಣ್ಣದಾಗಿ: "ಸಹಜ ಬಳಕೆ. ಹಿಂದಿನದಕ್ಕಿಂತ ಉತ್ತಮ."

"ನಾಟಲಿಲ್ಲ ಮಗಳೇ," ಎಂದಳು ಅಜ್ಜಿ. "ಉಪಯೋಗಕ್ಕೆ ಬಂತು."

ಮಗಳು ಚೀಟಿಯನ್ನು ಎರಡು ಸಲ ಓದಿದಳು. ಬಳಿಕ ಲೋಟವೆತ್ತಿ ನೀರನ್ನು ಒಂದೇ ಗುಟುಕಿಗೆ ಕುಡಿದು, ಬೈಂಡರನತ್ತ ಕೈಚಾಚಿದಳು.

"ಅಣ್ಣಾ, ಅಪ್ಪನ ಪೆನ್ನು ಕೊಡಿ. ಶಾಯಿದು."

"ಯಾಕಮ್ಮ?"

"ಇದನ್ನಿನ್ನೂ ಪೆನ್ಸಿಲಲ್ಲೇ ಬಿಟ್ಟಿದ್ದಾರೆ. ಹೇಳಿದೋಳು ನಾನೇ ಇಲ್ಲಿ ಕೂತಿದ್ದೀನಲ್ಲ. ಇನ್ಯಾವ ಪುಟ ನೋಡಬೇಕು?"

ಅಪ್ಪನ ಅಕ್ಷರಗಳ ಮೇಲೆ ಅವಳು ಒಂದೊಂದಾಗಿ ಶಾಯಿ ಎಳೆದಳು. ಎಲ್ಲಿಯೂ ಓರೆಯಾಗದಂತೆ.