ಗುಂಡನ ನಾಲ್ಕು ಹೆಜ್ಜೆ

"ಆಯಮ್ಮಾ, ಬೇಗ ಬನ್ನಿ! ಗುಂಡ ನಡೆದ! ನನ್ ಹತ್ರಾನೇ ಬಂದ!"

ಮಗುವನ್ನು ತಬ್ಬಿಕೊಂಡು ಹುಡುಗಿ ಕೂಗಿದ್ದೇ ಕೂಗಿದ್ದು. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ರೇಡಿಯೋ ಅನ್ನುತ್ತಿದ್ದುದು ಸುಮ್ಮನೆ ಅಲ್ಲ.

ಬಟ್ಟೆ ಫ್ಯಾಕ್ಟರಿಯ ಪಕ್ಕದ ಈ ಶಿಶುವಿಹಾರಕ್ಕೆ ಅವಳು ಪ್ರತಿ ಶನಿವಾರ ಮಧ್ಯಾಹ್ನ ಸಹಾಯ ಮಾಡಲು ಬರುತ್ತಿದ್ದಳು. ಅಮ್ಮ ಅದೇ ಫ್ಯಾಕ್ಟರಿಯಲ್ಲಿ ಹೊಲಿಯುತ್ತಿದ್ದಳು. ಹುಡುಗಿಯೂ ಚಿಕ್ಕವಳಿದ್ದಾಗ ಇದೇ ಚಾಪೆಗಳ ಮೇಲೆ ಹೊರಳಾಡಿದವಳೇ. ಮನೆಯಲ್ಲಿ ಒಬ್ಬಳೇ ಕೂತು ಕೂತು ಅವಳಿಗೆ ಸಾಕಾಗಿತ್ತು. ಒಂದು ಮಗುವಾದರೂ ತನ್ನನ್ನು ಕಂಡು ಕೈಚಾಚಲಿ ಎಂದು ಆಸೆಯೋ ಆಸೆ. ಗುಂಡನೋ, ಕಳೆದ ಮೂರು ಶನಿವಾರವೂ ಅವಳ ಮುಖ ಕಂಡರೆ ಸಾಕು, ಕಿಟಾರನೆ ಕಿರುಚಿದ್ದ. ಇವತ್ತು ಹಿಡಿದು ನಿಂತಿದ್ದ ಕುರ್ಚಿ ಬಿಟ್ಟು, ನಾಲ್ಕು ಹೆಜ್ಜೆ ಇಟ್ಟು, ಅವಳ ಮಡಿಲಿಗೇ ಬಂದು ಬಿದ್ದ!

ಆಯಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. "ಭೇಷ್ ಕಣೋ!" ಎಂದು ಗುಂಡನ ಕೆನ್ನೆ ಹಿಂಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಇದನ್ನ ಅವರಮ್ಮಂಗೆ ಹೇಳ್ಬೇಡ, ಪುಟ್ಟಿ."

"ಅಯ್ಯೋ, ಯಾಕೆ? ಖುಷಿ ಪಡ್ತಾರಲ್ವಾ?"

"ಮೊದಲ್ನೇ ಹೆಜ್ಜೆ, ಮೊದಲ್ನೇ ಮಾತು, ಇಲ್ಲಿ ನೋಡಿದ್ದು ಇಲ್ಲೇ ಇರ್ಬೇಕು. ಮನೇಲಿ ಅವಳೇ ಮೊದಲು ನೋಡ್ಲಿ. ಇಡೀ ದಿನ ಮಗೂನ ಬಿಟ್ಟಿರ್ತಾಳೆ, ಪಾಪ. ಅದಾದ್ರೂ ಅವಳಿಗೆ ಸಿಗ್ಲಿ."

"ಆದ್ರೆ ಅವ್ನು ಬಂದಿದ್ದು ನನ್ ಹತ್ರ!"

ಹುಡುಗಿಯ ಕಣ್ಣು ತುಂಬಿತು. ಇಷ್ಟು ದಿನ ಕಾದು ಸಿಕ್ಕಿದ್ದನ್ನು ಬಾಯಿಬಿಟ್ಟು ಹೇಳಲೂ ಬಾರದೆಂದರೆ!

ಐದೂವರೆಗೆ ಗುಂಡನ ಅಮ್ಮ ಓಡೋಡಿ ಬಂದಳು. "ಏನ್ ಮಾಡ್ದ ಇವತ್ತು ನನ್ ಬಂಗಾರ?"

ಮಾತು ಹುಡುಗಿಯ ನಾಲಿಗೆ ತುದಿಗೆ ಬಂದೇಬಿಟ್ಟಿತು. ಗುಂಡನ ಅಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಮಗುವಿನ ತಲೆ ಮೂಸುತ್ತಿದ್ದಳು.

"ಬಾಳೆಹಣ್ಣು ತಿಂದ, ಆಂಟಿ," ಎಂದಳು ಹುಡುಗಿ. "ಪೂರ್ತಿ ತಿಂದ."

ಸಂಜೆ ಅಮ್ಮ ಮನೆಗೆ ಬಂದು ಗೋಡೆಗೊರಗಿ ಕಾಲು ನೀಡಿದಳು. ಹುಡುಗಿ ಪಕ್ಕದಲ್ಲೇ ಅಂಟಿಕೊಂಡು ಕೂತಳು.

"ಅಮ್ಮಾ, ನಾನು ಫಸ್ಟ್ ಯಾವಾಗ ನಡೆದೆ?"

"ಒಂದು ಭಾನುವಾರ. ಬಾಗಿಲ ಹತ್ರ ನಿಂತಿದ್ದವ್ಳು ಸೀದಾ ನನ್ ಹತ್ರ ಬಂದೆ. ಅದಕ್ಕೆ ಮುಂಚೆ ಯಾರೂ ನೋಡಿರ್ಲಿಲ್ಲ, ಗೊತ್ತಾ? ನಾನೇ ಫಸ್ಟ್!" ಅಮ್ಮನ ದಣಿದ ಮುಖ ಅರಳಿತು. "ಮಾರನೇ ದಿನ ಹೇಳಿದ್ರೆ ಆಯಮ್ಮ 'ಹೌದಾ!' ಅಂತ ಬಾಯ್ಮೇಲೆ ಕೈ ಇಟ್ಕೊಂಡ್ರು."

ಹುಡುಗಿ ಆಯಮ್ಮನ ಮಾತು ನೆನೆದಳು. ಅಮ್ಮನ ತೋಳಿಗೆ ತಲೆ ಆನಿಸಿದಳು.

"ಇನ್ನೊಂದ್ಸಲ ಹೇಳಮ್ಮಾ," ಎಂದಳು.