ಐದು ವರ್ಷದ ಹುಂಜ

ಬಹಳ ಬಹಳ ಹಿಂದೆ, ನೀರಕೋಟೆ ಎಂಬ ರಾಜ್ಯದಲ್ಲಿ ಕಾಡಪ್ಪ, ದುರುಗವ್ವ ಎಂಬ ಗಂಡ ಹೆಂಡತಿ ಇದ್ದರು. ಅವರ ಹಿತ್ತಿಲ ತುಂಬ ಆನೆಕೋಳಿಗಳು. ಕರುವಿನಷ್ಟು ಎತ್ತರ, ಒನಕೆಯಂಥ ಕಾಲು. ಬೇರೆ ಕೋಳಿ ಆರು ತಿಂಗಳಲ್ಲಿ ಬೆಳೆದರೆ ಇವಕ್ಕೆ ಐದು ವರ್ಷ ಬೇಕು. ಮೊದಲು ಎಲುಬು ಬೆಳೆಯುತ್ತದೆ, ಆಮೇಲೆ ಮಾಂಸ ತುಂಬುತ್ತದೆ, ಎಲ್ಲಕ್ಕಿಂತ ಕೊನೆಗೆ ಬಲ ಬರುತ್ತದೆ.

ಒಂದು ದಿನ ಬೆಟ್ಟದಿಂದ ಕುಂಡಲಕೇತ ಎಂಬ ಮಾಂತ್ರಿಕ ಇಳಿದು ಬಂದ. "ಈ ಕೋಳಿಗಳನ್ನೆಲ್ಲ ಕೊಂದುಹಾಕು" ಎಂದ.

"ಸಾಕಿದ್ದೀನಿ, ಕೊಲ್ಲಲಾರೆ" ಎಂದು ಕಾಡಪ್ಪ ಅಡ್ಡ ನಿಂತ.

ಮಾಂತ್ರಿಕ ಅವನ ಮೇಲೆ ಬೂದಿ ಊದಿದ. ಕಾಡಪ್ಪ ನಿಂತಲ್ಲೇ ಮಣ್ಣಿನ ಬೊಂಬೆಯಾಗಿ ನೆಲಕ್ಕೆ ಅಂಟಿಕೊಂಡ. ಕೋಳಿಗಳು ಸತ್ತು ಬಿದ್ದವು. ರಾಜ್ಯದಲ್ಲಿ ಮಾಂತ್ರಿಕನಿಗೆ ಎದುರಾಡಿದವರೆಲ್ಲ ಹೀಗೇ ಮಣ್ಣಾದರು.

ಕಟ್ಟಿಗೆ ರಾಶಿಯ ಹಿಂದೆ ಒಂದು ಮುದಿ ಹೇಂಟೆ ಮಾತ್ರ ಉಳಿದಿತ್ತು. ಅದು ಮೂರು ಮೊಟ್ಟೆ ಇಟ್ಟು, ಮನುಷ್ಯರ ಮಾತಿನಲ್ಲಿ ಹೇಳಿತು:

"ದುರುಗವ್ವಾ, ಆ ಮಾಂತ್ರಿಕನ ಜೀವ ಬೆಟ್ಟದ ಹುತ್ತದೊಳಗಿನ ಜರಿಹುಳದಲ್ಲಿದೆ. ಅದು ಸತ್ತರೆ ಮಣ್ಣಾದವರು ಮತ್ತೆ ಮನುಷ್ಯರಾಗುತ್ತಾರೆ. ಐದು ವರ್ಷ ತುಂಬಿದ ನಮ್ಮ ಹುಂಜ ಅದನ್ನು ಕೊಲ್ಲಬಲ್ಲದು. ಒಂದು ದಿನ ಕಡಿಮೆಯಾದರೂ ಆಗದು. ಒಮ್ಮೆ ಮಂತ್ರ ಹಾಕಿದ ಅಂಗಳಕ್ಕೆ ಅವನು ಮತ್ತೆ ಕಾಲಿಡಲಾರ. ನಾನು ಕಾವು ಕೂತರೆ ನನ್ನ ಭಾರಕ್ಕೆ ಮೊಟ್ಟೆ ಒಡೆದಾವು. ನೆರೆಮನೆಯ ಸಣ್ಣ ಹೇಂಟೆಯ ಕೆಳಗೆ ಇಡು."

ಇಷ್ಟು ಹೇಳಿ ಅದು ಸತ್ತಿತು. ದುರುಗವ್ವ ಹಾಗೆಯೇ ಮಾಡಿದಳು. ಮೂರೂ ಹುಂಜದ ಮರಿಗಳೇ ಹುಟ್ಟಿದವು.

ಮಳೆಗಾಲ ಬಂತು. ಮೊದಲ ಮಳೆಗೇ ಕಾಡಪ್ಪನ ಮೂಗಿನ ತುದಿ ಕರಗಿ ಹರಿಯಿತು. ದುರುಗವ್ವ ಓಡಿಬಂದು ಹಸಿಮಣ್ಣು ಮೆತ್ತಿದಳು. ಮಣ್ಣು ನಿಲ್ಲಲಿಲ್ಲ. ಅವನ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದಳು. ಗಾಳಿ ಅದನ್ನು ಮತ್ತೆ ಮತ್ತೆ ಹಾರಿಸಿತು. ಐದು ಮಳೆಗಾಲ ಇವನು ಉಳಿದಾನೇ ಎಂದು ಅವಳ ಎದೆ ಒಡೆಯಿತು.

ಆಗ ಬೇಲಿಯಾಚೆ ಒಬ್ಬ ಜೋಗಿ ಬಂದು ನಿಂತ. "ತಾಯೀ, ಈ ಕಾಳು ಹಾಕು. ಮೂರೇ ತಿಂಗಳಲ್ಲಿ ಹುಂಜ ಬೆಳೆಯುತ್ತದೆ."

ದುರುಗವ್ವ ಸೆರಗೊಡ್ಡಿದಳು. ಒಂದು ಮರಿಗೆ ಆ ಕಾಳು ಹಾಕಿದಳು. ಅದು ಗಳಿಗೆಗೊಂದು ಅಳತೆ ಬೆಳೆಯಿತು. ಮೈ ಬೆಳೆಯಿತೇ ಹೊರತು ಕಾಲು ಬಲಿಯಲಿಲ್ಲ. ಮೂರನೆಯ ತಿಂಗಳು ತನ್ನ ಭಾರಕ್ಕೇ ಕಾಲು ಮುರಿದು ಕುಸಿಯಿತು. ನೀರು ಕುಡಿಸಿದರೆ ನುಂಗಲಿಲ್ಲ. ಬೇಲಿಯಾಚೆ ಜೋಗಿ ನಗುತ್ತ ಕುಂಡಲಕೇತನಾದ.

"ನಾನೇ ಕೊಂದೆ" ಎಂದು ದುರುಗವ್ವ ಎರಡು ದಿನ ಒಲೆ ಹಚ್ಚಲಿಲ್ಲ.

ಮೂರು ವರ್ಷ ಕಳೆಯಿತು. ಕಾಡಪ್ಪನ ಎಡಕಿವಿ ಹೋಯಿತು, ಕಾಲ್ಬೆರಳು ಹೋದವು. ಹುಂಜಗಳು ಎತ್ತರಕ್ಕೆ ಬೆಳೆದವು. ಸುದ್ದಿ ಕೇಳಿ ಅರಸನ ದಳವಾಯಿ ಬಂದು, "ಇಷ್ಟು ದೊಡ್ಡದಿದೆಯಲ್ಲವ್ವಾ! ಕೊಡು, ಬೆಟ್ಟಕ್ಕೆ ಒಯ್ಯುತ್ತೇವೆ" ಎಂದ.

"ಬರೀ ಎಲುಬು ಬುದ್ಧೀ. ಮುಟ್ಟಿ ನೋಡಿ, ಎದೆ ಇನ್ನೂ ಕತ್ತಿಯಲಗಿನಂತಿದೆ. ಎರಡು ವರ್ಷ ತಾಳಿ."

"ನನ್ನ ಅಣ್ಣನೂ ಮಣ್ಣಾಗಿ ನಿಂತಿದ್ದಾನೆ. ಎಷ್ಟೂಂತ ತಾಳಲಿ?"

ದಳವಾಯಿ ಅಳುತ್ತಿದ್ದ. ಅಳುತ್ತಲೇ ಒಂದು ಹುಂಜವನ್ನು ಎಳೆದೊಯ್ದ. ಸಂಜೆಯೊಳಗೆ ಗರಿಗಳು ಮಾತ್ರ ಗಾಳಿಯಲ್ಲಿ ತೇಲಿ ಬಂದವು. ದಳವಾಯಿ ಬರಲೇ ಇಲ್ಲ.

ಉಳಿದದ್ದು ಒಂದೇ. ದುರುಗವ್ವ ಅದು ಹಾರಿ ಕಾಲು ಉಳುಕಿಸಿಕೊಳ್ಳದಂತೆ ಕೂರಲು ಗೇಣೆತ್ತರದಲ್ಲೇ ಅಡ್ಡಗಂಬ ಕಟ್ಟಿದಳು. ತನ್ನ ಊಟದ ಸಜ್ಜೆಯನ್ನು ಅದಕ್ಕೆ ಹಾಕಿದಳು. ದಿನಾ ಅದರ ಎದೆ ಮುಟ್ಟಿ ನೋಡುವಳು. ಕೂದಲು ಬೆಳ್ಳಗಾಯಿತು.

ಐದನೆಯ ಮಳೆಗಾಲದಲ್ಲಿ ಕಾಡಪ್ಪನ ಬಲಗೈ ಭುಜದಿಂದ ಕಳಚಿ ಬಿದ್ದು ಕೆಸರಾಯಿತು. ಹುಂಜಕ್ಕೆ ಐದು ವರ್ಷ ತುಂಬಲು ಇನ್ನೂ ಇಪ್ಪತ್ತು ದಿನ ಬಾಕಿ. ಕುಂಡಲಕೇತ ಬೇಲಿಯಾಚೆ ನಿಂತು, "ಹುಂಜ ಕೊಡು, ಈಗಲೇ ಗಂಡನನ್ನು ಕೊಡುತ್ತೇನೆ. ಇಪ್ಪತ್ತು ದಿನ ಇವನು ಉಳಿಯುವುದಿಲ್ಲ" ಎಂದ.

ಅವಳಿಗೂ ಹಾಗೆಯೇ ಅನ್ನಿಸಿತ್ತು. ಹುಂಜವನ್ನು ತಬ್ಬಿ ನಡೆಸಿಕೊಂಡು ಬೇಲಿಯ ಹತ್ತಿರ ಹೋದಳು. ಮಾಂತ್ರಿಕ ಕೈ ಚಾಚಿದ. ಆ ಕೈ ಗಡಗಡ ನಡುಗುತ್ತಿತ್ತು.

ದುರುಗವ್ವ ಅದನ್ನು ನೋಡಿದಳು. "ನನಗಿಂತ ನೀನೇ ಹೆದರಿದ್ದೀಯ" ಎಂದು ಹಿಂತಿರುಗಿದಳು.

ಅಂದೇ ಗಾಳಿಗೆ ಚಪ್ಪರ ಕಿತ್ತುಹೋಯಿತು. ಇಪ್ಪತ್ತು ದಿನ ಅವಳು ಕಂಬಳಿ ಹೊದ್ದು, ಗಂಡನನ್ನು ಅಪ್ಪಿ, ಮಳೆಗೆ ಬೆನ್ನು ಕೊಟ್ಟು ನಿಂತಳು. ಆಸೆಯೇನೂ ಉಳಿದಿರಲಿಲ್ಲ. ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹುಂಜ ಅಡ್ಡಗಂಬದಿಂದ ಕೆಳಗಿಳಿದು ಮೈ ಕೊಡವಿತು. ನೆಲ ಅದುರುವಂತೆ ಬೆಟ್ಟಕ್ಕೆ ನಡೆಯಿತು. ಹುತ್ತವನ್ನು ಕೆದರಿತು. ಹಗ್ಗದಷ್ಟು ಉದ್ದದ ಜರಿಹುಳ ಹೊರಬಂದು ಅದರ ಕುತ್ತಿಗೆಗೆ ಸುತ್ತಿಕೊಂಡಿತು. ಹುಂಜ ಕಾಲೂರಿ ನಿಂತು ಮೂರು ಸಲ ಕುಕ್ಕಿತು, ನುಂಗಿತು. ಬೆಟ್ಟದ ಮೇಲೆ ಕುಂಡಲಕೇತ ಬೂದಿಯಾಗಿ ಉದುರಿದ.

ಮಣ್ಣಾದವರೆಲ್ಲ ಮನುಷ್ಯರಾದರು. ಪೂರ್ತಿ ಕರಗಿಹೋದವರು ಬರಲಿಲ್ಲ. ಅವರ ಅಂಗಳಗಳಲ್ಲಿ ಅಳು ಎದ್ದಿತು.

ಕಾಡಪ್ಪನ ಮೈ ಬೆಚ್ಚಗಾಯಿತು. ಕಣ್ಣು ಬಿಟ್ಟ. ತನ್ನನ್ನು ಅಪ್ಪಿ ನಿಂತಿದ್ದ ಮುದುಕಿಯನ್ನು ಕಂಡು, "ಯಾರವ್ವಾ ನೀನು?" ಎಂದ.

"ನಾನ್ರೀ... ದುರುಗಿ."

ಅವನು ಉಳಿದ ಒಂದು ಕೈಯಿಂದ ಅವಳ ಮುಖವನ್ನು ಮೆಲ್ಲಗೆ ಸವರಿದ. ಹಣೆ, ಕೆನ್ನೆ, ಗಲ್ಲ. ಬಹಳ ಹೊತ್ತು ಸವರಿದ ಮೇಲೆ ಗುರುತು ಹತ್ತಿತು.

ಅಲ್ಲಿಂದ ಮುಂದೆ ಅವರು ಸುಖವಾಗಿ ಬಾಳಿದರು. ಮಳೆ ಬಂದಾಗ ಮಾತ್ರ ಅವಳು ಅವನನ್ನು ಹೊರಗೆ ಬಿಡುತ್ತಿರಲಿಲ್ಲ.